ಇಲ್ದಂಗಿರೋ ನೆಂಟರು

ಮಧುಗಿರಿ ಬಸ್ ನಿಲ್ದಾಣದಲ್ಲಿ ಶಿರಾ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಇಬ್ಬರು ಹೆಂಗಸರಲ್ಲಿ ಕಿರಿಯಾಕೆ ಓಬಳಮ್ಮ. ರಾಗಿ ಬೀಸುವ ಪದಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಹುಡುಗಿಯೊಬ್ಬಳು ಕ್ಯಾಮೆರಾದವನ ಜೊತೆ ಅವರ ಮನೆಗೆ ಬಂದಿದ್ದಳಂತೆ.

"ಬೀಸ್ತಾ ಪದ ಹೇಳಮ್ಮ, ನಾವು ಇಲ್ಲಿ ಇಲ್ವೇ ಇಲ್ಲ ಅಂದ್ಕೋ ಅಂದ್ಲು ಕಣಕ್ಕ."

"ಹೇಳ್ದೇನೇ?"

"ಎರಡು ಸಾಲು ಹೇಳಾದ್ರೊಳಗೆ ಉಣ್ಣೋ ಹೊತ್ತಾಯ್ತು. ಮನೇಗ್ ಬಂದೋರ್ನ ಇಲ್ಲ ಅಂದ್ಕಂಡು ಹೆಂಗಕ್ಕ ಕುಂತ್ಕಳಾದು? ಎದ್ದು ಮುದ್ದೆ ಇಕ್ಬುಟ್ಟೆ."

"ಅಯ್ಯೋ, ಪಿಚ್ಚರ್ ಕೆಡಿಸ್ಬುಟ್ಯಲ್ಲೇ!"

"ಅವ್ಳೂ ಅಂಗೇ ಅಂದ್ಲು. ಆಮೇಲೆ ಕ್ಯಾಮ್ರಾ ಆರಿಸೋದ್ನೂ ಮರ್ತು ಉಣ್ಣಕ್ಕೆ ಕುಂತ್ರು. ನೆನ್ನೆ ಫೋನಿಗೆ ಕಳ್ಸವ್ರೆ."

"ಪದ ಬಂದೈತಾ? ನಮ್ಮೂರಾಗೆ ಅದು ಬರೋದು ನಿಂಗೊಬ್ಬಳಿಗೇ."

"ಎರಡೇ ಸಾಲು. ಮಿಕ್ಕಿದ್ದೆಲ್ಲ ಅವ್ರು ಉಣ್ಣೋದೇ. ಕ್ಯಾಮ್ರಾದೋನು ಮುದ್ದೆ ಅಗೀತಾನೆ ಕಣಕ್ಕ!"

"ಅಗೀತಾನಾ!"

"ಅಗೀಬ್ಯಾಡ, ನುಂಗಪ್ಪ ಅಂತ ನಾನು ಗದರೋದೂ ಬಂದೈತೆ."

"ಹಂಗಾರೆ ಮಿಕ್ಕಿದ್ ಪದ?"

"ಸೋಮವಾರ ಮತ್ತೆ ಬತ್ತಾರಂತೆ."

ಅಷ್ಟರಲ್ಲಿ ಕೊರಟಗೆರೆ ಬಸ್ಸು ಬಂತು. ಓಬಳಮ್ಮ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ತಿರುಗಿ ಹೇಳಿದರು: "ಈ ಸಲ ಮೊದ್ಲೇ ಹೇಳಿವ್ನಿ. ಬಂದೇಟ್ಗೆ ಉಣ್ರಪ್ಪ, ಉಂಡಾದ್ ಮ್ಯಾಲೆ ಇಲ್ದಂಗಿರಿ."