ಗಾಳಿ ನಿಲ್ಲಿಸೋ, ಬೆಂದಾರಿ

ಮೊದಲೇ ಹೇಳಿಬಿಡ್ತೀನಿ, ಇದು ನಾನು ಕಟ್ಟಿದ ಕತೆಯಲ್ಲ. ಕಟ್ಟೋದಾಗಿದ್ದರೆ ಇನ್ನೂ ಜೋರಾಗಿ ಕಟ್ತಿದ್ದೆ. ನೈಲ್ ಕಾಲುವೇಲಿ ನಾನು ಬರಿಗೈಲಿ ಹಿಡಿದ ಮೀನಿನ ಬೆನ್ನ ಮೇಲೆ ನಾಲ್ಕು ಜನ ಕೂತು ಟೀ ಕುಡಿದದ್ದು ಊರಿಗೇ ಗೊತ್ತು. ಇದು ನನ್ನ ಸೋದರತ್ತೆ ಮಗ ಬೆಂದಾರಿಗೆ ಆದದ್ದು. ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು.

ಬೆಂದಾರಿ ಊರಾಚೆಯ ಕೊಳಚೆ ನೀರಿನ ಪ್ಲಾಂಟಿನಲ್ಲಿ ರಾತ್ರಿ ಪಾಳಿ ಮಾಡ್ತಿದ್ದ. ಒಂದು ರಾತ್ರಿ ಎರಡು ಗಂಟೆಗೆ ಪಾಳಿ ಮುಗೀತು. ಕಾಲುವೆ ದಂಡೆ ಹಿಡಿದು ಮನೆ ಕಡೆ ಹೊರಟ. ದಾರೀಲಿ ಆ ಅತ್ತಿ ಮರ, ಅದರ ಬುಡದಲ್ಲಿ ಹಳೇ ರಾಟೆಬಾವಿ. ರಾಟೆ ನಮ್ಮಜ್ಜನ ಕಾಲಕ್ಕೇ ಮುರಿದು ಬಿದ್ದಿತ್ತು. ಬಾವೀಲಿ ಮೊಣಕಾಲುದ್ದ ನೀರು, ಅಷ್ಟೇ.

ಕಪ್ಪೆಗಳ ಸದ್ದು ಒಮ್ಮೆಲೇ ನಿಂತಿತು.

ಪುಳುಕ್...

ಲೋಟ ಬೋರಲು ಹಾಕಿ ನೀರಿಗೆ ಅದುಮಿದರೆ ಒಂದು ಗುಳ್ಳೆ ಬರುತ್ತಲ್ಲ, ಆ ಸದ್ದು. ಪುಳುಕ್... ಪುಳುಕ್... ಬಾವಿಯೊಳಗಿಂದ. ಆಮೇಲೆ ಘಾಟು. ಕತ್ತೆ ಕೊಟ್ಟಿಗೆ ಬಾಗಿಲು ವಾರಗಟ್ಟಲೆ ಮುಚ್ಚಿಟ್ಟು ತೆಗೆದ ಹಾಗೆ. ಕಣ್ಣು ಉರಿದು ನೀರು ಬಂತು.

ಕೆಳಗಿಂದ ಪಿಸುಮಾತು.

“ಬೆಂದಾರಿ... ಗಾಳಿ ನಿಲ್ಲಿಸೋ...”

ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ನಾನಾಗಿದ್ದರೆ ಬಾವಿಗೆ ಬಗ್ಗಿ, “ಯಾರ ಮಗನೋ ನೀನು?” ಅಂತ ಕೇಳ್ತಿದ್ದೆ. ಅವನು ಓಡಿದ. ಯಾಕೆ ಅಂದರೆ ಆ ಮಾತು ಅವನಿಗೆ ಹೊಸದಲ್ಲ. ನಲವತ್ತು ರಾತ್ರಿ ಹಿಂದೆ ಅದೇ ದನಿ, ಅದೇ ಮಾತು ಕೇಳಿದ್ದ.

ದನಿ ಮಿತ್ವಲ್ಲಿಯದು. ಪ್ಲಾಂಟಿನ ಹಳೇ ಕೆಲಸಗಾರ, ಓದು ನನ್ನಷ್ಟೇ, ಅಂದರೆ ಸೊನ್ನೆ. ಆದರೆ ತೊಟ್ಟಿ ನೀರಿನ ಬಣ್ಣ ನೋಡಿ ಊರಲ್ಲಿ ಯಾರ ಮನೇಲಿ ಮದುವೆ ಆಯ್ತು ಅಂತ ಹೇಳ್ತಿದ್ದ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಅಂದರೆ ಅವನಿಗೆ ದನ ಇದ್ದ ಹಾಗೆ.

“ಕಾಕಾ,” ಅಂತಿದ್ದ ನನಗೆ, “ನನ್ನ ಹತ್ರ ಎರಡು ಹಿಂಡು. ಮೊದಲನೇದು ಗಾಳಿ ತೊಟ್ಟೀಲಿ. ಇಡೀ ಊರಿನ ಉಚ್ಚೆ ಘಾಟು ತಿಂದು ಉಪ್ಪಿನಂಥದ್ದು ಮಾಡ್ತವೆ. ಅವಕ್ಕೆ ಉಸಿರಾಡೋಕೆ ಹಗಲೂ ರಾತ್ರಿ ಗಾಳಿ ಊದಬೇಕು. ಎರಡನೇದು ಪಕ್ಕದ ಕತ್ತಲೆ ತೊಟ್ಟೀಲಿ. ಅಲ್ಲಿ ಗಾಳೀನೇ ಕೊಡಲ್ಲ. ಉಸಿರು ಕಟ್ಟಿದಾಗ ಆ ಉಪ್ಪಿನೊಳಗಿನ ಉಸಿರನ್ನೇ ಕಿತ್ಕೊಂಡು ಬದುಕ್ತವೆ. ಉಳಿದದ್ದು ಗುಳ್ಳೆಯಾಗಿ ಆಕಾಶಕ್ಕೆ. ಎಂಜಿನಿಯರ್ ಸಾಹೇಬ್ರು ಅದಕ್ಕೆ ಸಾರಜನಕ ಅಂತಾರೆ. ನಮ್ಮ ಮೂಗಿಗೆ ಹೋಗೋ ಗಾಳೀಲಿ ಮುಕ್ಕಾಲು ಪಾಲು ಅದೇ.”

“ಅಂದ್ರೆ ನಿನ್ನ ದನ ಹೂಸು ಬಿಟ್ಟಿದ್ದನ್ನ ನಾನು ಉಸಿರಾಡ್ತಿದ್ದೀನಾ?”

“ಪುಕ್ಕಟೆ, ಕಾಕಾ!”

ಅಂಥ ಮನುಷ್ಯ.

ಪ್ಲಾಂಟಲ್ಲಿ ಅವನ ಮೇಲಿನವನು ರಯ್ಯಿಸ್ ಘರೀಬ್. ರಯ್ಯಿಸ್ ಅಂದರೆ ಮೇಸ್ತ್ರಿ. ಐವತ್ತರಲ್ಲಿ ಎರಡನೇ ಮದುವೆ ಮಾಡ್ಕೊಂಡು, ಪ್ಲಾಂಟಿನ ಗೋಡೆಗೆ ಒತ್ತಿದ ಹಾಗೇ ಹೊಸ ಮನೆ ಕಟ್ಟಿದ. ಗಾಳಿ ಊದೋ ಯಂತ್ರ ರಾತ್ರಿಯೆಲ್ಲಾ ಗೂಂ... ಅಂತಿತ್ತು. ಹೊಸ ಹೆಂಡತಿಗೆ ನಿದ್ದೆ ಬರ್ತಿರಲಿಲ್ಲ. ಘರೀಬ್ ಅಪ್ಪಣೆ ಮಾಡಿದ: ಕತ್ತಲಾದ ಮೇಲೆ ಗಾಳಿ ಬಂದ್.

“ರಯ್ಯಿಸ್, ಹಿಂಡು ಸಾಯ್ತವೆ,” ಅಂದ ಮಿತ್ವಲ್ಲಿ. “ಆ ಮೊದಲ ಹಿಂಡು ನಿಧಾನಕ್ಕೆ ಮರಿ ಹಾಕೋ ಜಾತಿ. ಮತ್ತೆ ಕಟ್ಟೋಕೆ ವಾರಗಟ್ಟಲೆ ಬೇಕು.”

“ಹುಳಕ್ಕೂ ನನ್ನ ಹೆಂಡ್ತಿಗೂ ಸಮ ಮಾಡ್ತೀಯೇನೋ?”

ಹತ್ತು ದಿನ ಆಗಿರಲಿಲ್ಲ, ಘಾಟು ಹಾಗೇ ಕಾಲುವೆಗೆ ಇಳೀತು. ಕೆಳಗೆ ಮಿತ್ವಲ್ಲಿ ತಮ್ಮನ ಬುಲ್ತಿ ಮೀನಿನ ಕೊಳ. ಬೆಳಿಗ್ಗೆ ನೋಡಿದರೆ ಅಷ್ಟೂ ಮೀನು ಕಿವಿರು ಸುಟ್ಟು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ದವು.

ಆ ರಾತ್ರಿ ಮಿತ್ವಲ್ಲಿ ಬಂದು ತಾನೇ ಯಂತ್ರ ಹಾಕಿದ. ಗೂಂ... ಹಿಂಡು ಉಳಿದಿದೆಯೋ ಇಲ್ಲವೋ ಅಂತ ನೊರೆ ನೋಡೋಕೆ ತೊಟ್ಟಿ ಅಂಚಿಗೆ ಹೋದ. ನಿಲುವಂಗೀಲೇ ಘರೀಬ್ ಓಡಿ ಬಂದ. ಮಾತಿಗೆ ಮಾತು ಬೆಳೀತು. ತಳ್ಳಿದನೋ, ಕಾಲು ಜಾರಿತೋ, ಬೆಂದಾರಿ ನೋಡಲಿಲ್ಲ. ಆಮೇಲಿನದು ನೋಡಿದ.

ಮಿತ್ವಲ್ಲಿ ಬಾತುಕೋಳಿ ಹಾಗೆ ಈಜ್ತಿದ್ದ. ಆದರೆ ಗಾಳಿ ಊದೋ ತೊಟ್ಟಿ ಯಾರನ್ನೂ ತೇಲಿಸಲ್ಲ. ಅದು ನೀರಲ್ಲ, ಗುಳ್ಳೆ. ಕೈ ಬಡಿದರೆ ಸಿಗೋದೇ ಇಲ್ಲ, ಒಳಗೇ ಹೋಗ್ತೀಯ. ಗಾಳಿ ನಿಂತರೆ ಮಾತ್ರ ತೇಲ್ತೀಯ. ಅದಕ್ಕೇ ಕೂಗಿದ: “ಬೆಂದಾರಿ! ಗಾಳಿ ನಿಲ್ಲಿಸೋ!”

ಬೆಂದಾರಿ ಸ್ವಿಚ್ಚಿಗೆ ಓಡಿದ. ಅದರ ಮೇಲೆ ಆಗಲೇ ಒಂದು ಕೈ ಇತ್ತು.

“ಬೇಡ,” ಅಂದ ಘರೀಬ್. ಮೆಲ್ಲಗೆ.

ದಿನಾ ರಾತ್ರಿ ಹೆಂಡತಿ ನಿದ್ದೆಗೋಸ್ಕರ ಗಾಳಿ ನಿಲ್ಲಿಸ್ತಿದ್ದ ಕೈ, ಆ ಒಂದು ರಾತ್ರಿ ನಿಲ್ಲಿಸಲಿಲ್ಲ.

ಬೆಂದಾರಿ ಹೆದರುಪುಕ್ಕಲ. ಮಾರನೇ ದಿನ ಪೊಲೀಸರ ಮುಂದೆ ಕುರಾನಿನ ಮೇಲೆ ಕೈ ಇಟ್ಟು, “ಮಿತ್ವಲ್ಲಿ ಹಶೀಶ್ ಸೇದಿದ್ದ, ತಾನೇ ಬಿದ್ದ,” ಅಂದುಬಿಟ್ಟ. ಮಿತ್ವಲ್ಲಿ ಹೆಂಡತಿ ನಫೂಸಾಳನ್ನು ಹಶೀಶ್ ಮುಕ್ಕನ ಮನೆಯವಳು ಅಂತ ಊರ ಹೆಂಗಸರು ರೊಟ್ಟಿ ಸುಡೋ ಒಲೆ ಹತ್ತಿರಾನೂ ಸೇರಿಸಲಿಲ್ಲ. ಸತ್ತ ನಲವತ್ತನೇ ದಿನದ ಕುರಾನ್ ಓದಿಗೆ ಮೂರೇ ಜನ ಬಂದರು. ಅದೇ ರಾತ್ರೀನೇ ಬಾವೀಲಿ ಆ ಸದ್ದು.

ಬೆಂದಾರಿ ಘರೀಬನಿಗೆ ಹೇಳಿದ. ಘರೀಬ್ ನಕ್ಕ. “ಗಂಡಸೇನೋ ನೀನು? ಒಂದು ಮೊಳೆ ತಾ.”

ನಮ್ಮಲ್ಲಿ ಗೊತ್ತಲ್ಲ, ಸತ್ತ ಜಾಗಕ್ಕೆ ಬಳಸದ ಹೊಸ ಮೊಳೆ ಹೊಡೆದರೆ ಅವನ ಅಫ್ರೀತ, ಅಂದರೆ ದೆವ್ವ, ಏಳಲ್ಲ. ಮಧ್ಯಾಹ್ನ ತೊಟ್ಟಿ ಅಂಚಿನ ಕಾಂಕ್ರೀಟಿಗೆ ಘರೀಬ್ ತಾನೇ ನಾಲ್ಕಿಂಚಿನ ಮೊಳೆ ಹೊಡೆದ. ಠಣ್. ಠಣ್. ಠಣ್. ನಾನು ಅಲ್ಲೇ ಇದ್ದೆ.

“ರಯ್ಯಿಸ್,” ಅಂದೆ, “ಹೊಡೀಬೇಕಾದ್ದು ಉಸಿರು ಹೋದ ಜಾಗಕ್ಕೆ. ಕಾಲು ಜಾರಿದ ಜಾಗಕ್ಕಲ್ಲ.”

“ಹಾಗಾದ್ರೆ ನೀರಿಗೆ ಹೊಡೀಲಾ, ಮುದುಕಪ್ಪಾ? ನೀನು ಹಿಡ್ಕೋತೀಯಾ?”

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆ ರಾತ್ರಿ ಯಂತ್ರ ಬಂದ್. ಫ್ಯೂಸು ಘರೀಬನ ಜೇಬಲ್ಲಿ. ಆದರೂ ಅವನ ಮಂಚದ ಕೆಳಗೆ ಗೂಂ... ಅಂತು. ಕಿಟಕಿ ತೆರೆದು ಕಿರುಚಿದ: “ಬೆಂದಾರಿ! ಗಾಳಿ ನಿಲ್ಲಿಸೋ!”

“ನಿಂತೇ ಇದೆ, ರಯ್ಯಿಸ್.”

ಮೂರು ರಾತ್ರಿ ಹೀಗೇ. ಮೂರನೇ ದಿನ ಹೆಂಡತಿ ಕಣ್ಣುರಿ ತಾಳಲಾರದೆ ತವರಿಗೆ ಹೋದಳು. ನಾಲ್ಕನೇ ರಾತ್ರಿ ಬಾವಿಯೊಳಗಿನ ದನಿ ಬೆಂದಾರಿಗೆ ಇಷ್ಟೇ ಹೇಳಿತು: “ನೀನು ಹೇಳ್ತೀಯೋ... ನಾನು ಕರ್ಕೊಂಡು ಹೋಗ್ಲೋ?”

ಬೆಳಿಗ್ಗೆ ಬೆಂದಾರಿ ನಫೂಸಾಳ ಬಾಗಿಲಿಗೆ ಹೋಗಿ ನೆಲಕ್ಕೆ ಕೂತ. “ಅಕ್ಕಾ, ನಾಳೆ ಪೊಲೀಸರ ಹತ್ರ ಹೋಗೋಣ. ನಾನು ಸುಳ್ಳು ಹೇಳಿದ್ದೆ.”

ಆಕೆ ಅಳಲಿಲ್ಲ. “ನಾಳೆ ತನಕ ಬದುಕಿರು,” ಅಂದಳು.

ಊರಲ್ಲಿ ಮಾತು ನಿಲ್ಲುತ್ತಾ? ಆ ರಾತ್ರಿ ಅತ್ತಿ ಮರದ ಕೆಳಗೆ ಘರೀಬ್ ಕಾದಿದ್ದ.

“ನಾಳೆ ಎಲ್ಲಿಗೋ ಹೊರಟಿದ್ದೀಯಂತೆ?” ಪಿಸುಗುಟ್ಟಿದ.

“ಬಿಡಿ, ರಯ್ಯಿಸ್.”

ಕುತ್ತಿಗೆಗೆ ಕೈ ಹಾಕಿದ. ತಬ್ಬಿ ಹೊರಳಾಡಿದರು. ಬಾವಿಕಟ್ಟೆ ಕುಸಿದು ಇಬ್ಬರೂ ಒಳಗೆ ಬಿದ್ದರು... ಧೊಪ್.

ಮೊಣಕಾಲುದ್ದ ನೀರು. ಎದ್ದು ನಿಂತರೆ ಮುಗೀತು. ಆದರೆ ನೀರು ಕುದಿಯೋಕೆ ಶುರುವಾಯ್ತು. ಪುಳುಕ್... ಪುಳುಕ್... ಆಮೇಲೆ ಬಾವಿ ತುಂಬಾ ಗೂಂ... ಬೆಂದಾರಿ ಕಾಲಿಗೆ ನೆಲವೇ ಸಿಗಲಿಲ್ಲ. ಬಾಯಿಗೆ ನೊರೆ ಬಂತು. ಕೊನೇ ಉಸಿರಲ್ಲಿ ಕೂಗಿದ: “ಹೇಳ್ತೀನಿ, ಮಿತ್ವಲ್ಲಿ! ಅಲ್ಲಾಣೆ, ಹೇಳ್ತೀನಿ!”

ಅವನ ಸುತ್ತಲ ನೀರು ಗಟ್ಟಿಯಾಯ್ತು. ಹಾಗೇ ಅಂದ ಬೆಂದಾರಿ. ಅಂಗೈ ಮೇಲೆ ಇಟ್ಟು ಎತ್ತಿದ ಹಾಗೆ ಅವನನ್ನು ಬಾವಿ ಅಂಚಿಗೆ ತಂದು ಬಿಟ್ಟಿತು. ಎರಡು ಮೊಳದ ಆಚೆ ಘರೀಬ್ ಕೈ ಬಡೀತಿದ್ದ. ನೀರು ಸಿಗ್ತಿರಲಿಲ್ಲ.

“ಬೆಂದಾರಿ... ಗಾಳಿ ನಿಲ್ಲಿಸೋ...”

ನಿಲ್ಲಿಸೋಕೆ ಅಲ್ಲಿ ಸ್ವಿಚ್ಚೆಲ್ಲಿತ್ತು?

ಬೆಂದಾರಿ ಬೆಳಿಗ್ಗೆ ಹೋಗಿ ಎಲ್ಲಾ ಹೇಳಿದ. ಸುಳ್ಳು ಸಾಕ್ಷಿಗೆ ಎರಡು ವರ್ಷ ಒಳಗಿದ್ದು ಬಂದ. ಈಗಲೂ ಇದ್ದಾನೆ, ಕೇಳಿ ನೋಡಿ. ನಫೂಸಾಳ ಮನೇಲಿ ಮಿತ್ವಲ್ಲಿ ಹೆಸರಲ್ಲಿ ಇನ್ನೊಮ್ಮೆ ಓದಿಸಿದರು. ಅವತ್ತು ಜನ ಬೀದಿ ತನಕ ಕೂತಿದ್ದರು.

ಘರೀಬನನ್ನು ಬಾವಿಯಿಂದ ಎತ್ತಿದ್ದು ನಾನು. ಒಬ್ಬನೇ, ಒಂದೇ ಕೈಲಿ. ಸರಿ, ಅದು ಬಿಡಿ, ನಾಲ್ಕು ಜನ ಇದ್ದೆವು. ಇದು ಮಾತ್ರ ಬಿಡಬೇಡಿ. ನಾನು ಬಾವಿಗೆ ಇಳಿದಾಗ ನೀರು ನನ್ನ ಮೊಣಕಾಲು ದಾಟಲಿಲ್ಲ. ಘರೀಬನ ಬಲಗೈ ಮುಷ್ಟಿ ಬಿಚ್ಚೋಕೆ ಇಬ್ಬರು ಬೇಕಾಯ್ತು. ಒಳಗೆ ನಾಲ್ಕಿಂಚಿನ ಮೊಳೆ. ಮೊಳೆಯ ತಲೆ ಮೇಲೆ ಸುತ್ತಿಗೆ ಏಟಿನ ಗುರುತು.

ತೊಟ್ಟಿ ಹತ್ರ ಓಡಿ ಹೋಗಿ ನೋಡಿದೆ. ಕಾಂಕ್ರೀಟಿನ ಅಂಚನ್ನು ಬೆರಳಲ್ಲಿ ಸವರಿ ಸವರಿ ನೋಡಿದೆ.

ತೂತೇ ಇರಲಿಲ್ಲ.