ಮೊನ್ನೆ ನೀನು ಬೆಚ್ಚಲೇ ಇಲ್ಲ

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದ ರಾಜೀವಿಯ ಪಕ್ಕದಲ್ಲೇ ಹಾಸ್ಟೆಲಿನ ಇಬ್ಬರು ಹುಡುಗಿಯರು ಕೂತಿದ್ದರು. ನಡುವೆ ಒಂದೇ ಕಾದಂಬರಿ, ದೆವ್ವಗಳಿರುವ ವಸತಿ ಶಾಲೆಯ ಕಥೆ. ರಾಜೀವಿ ಕಣ್ಣನ್ನು ಮೊಬೈಲಿನ ಮೇಲಿಟ್ಟು ಕಿವಿಯನ್ನು ಅತ್ತ ಕೊಟ್ಟಳು.

“ಕಥೆಯಲ್ಲಿ ವಾರ್ಡನ್ ಸತ್ತು ನಲವತ್ತು ವರ್ಷ ಆಗಿದೆ ಅಂತ ಬಂದಾಗ ಮೊನ್ನೆ ನೀನು ಬೆಚ್ಚಲೇ ಇಲ್ಲ, ಅಭಿಜ್ಞಾ.”

“ಬೆಚ್ಚಿದ್ದೆ ಮಾರಾಯ್ತಿ.”

“ಸುಳ್ಳು. ಪುಟ ಬಿಟ್ಟು ನನ್ನ ಮುಖ ನೋಡ್ತಾ ಇದ್ದೆ. ಒಟ್ಟಿಗೇ ಓದೋದು, ಯಾರೂ ಮುಂದೆ ಹೋಗಬಾರದು ಅಂತ ಮಾತಾಗಿತ್ತಲ್ಲ. ಯಾರ ಜೊತೆ ಮೊದಲೇ ಓದಿದ್ದೆ?”

ಅಭಿಜ್ಞಾ ಪುಸ್ತಕ ಮುಚ್ಚಿದಳು.

“ಪಕ್ಕದ ರೂಮಿನ ಶರಧಿ ತಾನೂ ಓದ್ತೇನೆ ಅಂತ ಕೇಳಿದ್ಲು. ನೀನು ಊರಿಗೆ ಹೋಗಿದ್ದೆ. ಅದೊಂದೇ ಅಧ್ಯಾಯ, ಭುವನಾ.”

“ಅವಳು ಬೆಚ್ಚಿದ್ಲಾ?”

“ಹೂಂ. ನನ್ನ ಕೈ ಗಟ್ಟಿ ಹಿಡ್ಕೊಂಡ್ಲು.”

“ಕೈ ಹಿಡಿಯೋದು ಎಂತಕ್ಕೆ?”

ಅಷ್ಟರಲ್ಲಿ ಯಲ್ಲಾಪುರದ ಬಸ್ಸು ಬಂತು. ಭುವನಾ ಬ್ಯಾಗು ಹೆಗಲಿಗೇರಿಸಿಕೊಂಡು, ಪುಸ್ತಕವನ್ನು ಗೆಳತಿಯ ಮಡಿಲಲ್ಲಿಟ್ಟಳು.

“ಕೊನೆಗೆ ಎಲ್ಲರನ್ನೂ ಕೊಂದಿದ್ದು ನಾಯಕಿಯ ರೂಮ್‌ಮೇಟ್ ಅಂತ ಗೊತ್ತಾಗ್ತದೆ. ನಿನ್ನೆ ಒಬ್ಬಳೇ ಕೂತು ಓದಿ ಮುಗಿಸಿದೆ,” ಅಂದಳು. ಬಸ್ಸಿನ ಮೆಟ್ಟಿಲು ಹತ್ತಿದವಳು ತಿರುಗಿ ನೋಡಿದಳು.

“ಶರಧಿಗೂ ಹೇಳು.”