ಬಿಡುಗಡೆಗೆ ಮೊದಲೇ ಕೇಳಿದ ಜೋಗುಳ

ಮೊನ್ನೆ ಪ್ರವಚನ ಮುಗಿಸಿ ಮೆಟ್ಟಿಲು ಇಳಿಯುತ್ತಿದ್ದೆ. ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ತಡೆದು ಕೇಳಿದಳು. "ಅಪ್ಪಾರ, ಒಂದು ಗೇಮ್ ಇನ್ನೂ ಬಿಡುಗಡೆ ಆಗಿಲ್ರಿ. ಅದರ ಬೀಟಾ ಲೀಕ್ ಆಗೇತಿ. ಅದನ್ನ ಡೌನ್‌ಲೋಡ್ ಮಾಡ್ಕೊಂಡ್ರ ಶಿಕ್ಷಾ ಆಗತೇತೇನ್ರಿ?"

ಪಕ್ಕದಲ್ಲಿದ್ದ ಹಿರಿಯರು ನಕ್ಕರು. ಮಠಕ್ಕೆ ಬಂದು ಕೇಳುವ ಪ್ರಶ್ನೆಯೇ ಇದು ಅಂದರು. ನಾನು ನಗಲಿಲ್ಲ. ನೋಡಿ, 'ಶಿಕ್ಷೆ ಆಗುತ್ತದೆಯೇ?' ಎಂದು ನಾವೆಲ್ಲರೂ ದಿನಾ ಕೇಳಿಕೊಳ್ಳುತ್ತೇವೆ. ಆಕೆ ಬಾಯಿಬಿಟ್ಟು ಕೇಳಿದಳು, ನಾವು ಒಳಗೊಳಗೇ ಕೇಳಿಕೊಳ್ಳುತ್ತೇವೆ. ಇಷ್ಟೇ ವ್ಯತ್ಯಾಸ.

ಶಿಕ್ಷೆ ಆಗಬಹುದು. ಬೇರೆಯವರು ಕಟ್ಟಿದ್ದನ್ನು ಅವರ ಅಪ್ಪಣೆಯಿಲ್ಲದೆ ಇಳಿಸಿಕೊಳ್ಳುವುದು ಕಾನೂನಿಗೂ ತಪ್ಪು. ಆಟದವರು ನಿಮ್ಮ ಖಾತೆ ಮುಚ್ಚಬಹುದು. ಫೈಲಿನ ಜೊತೆ ವೈರಸ್ ಬಂದು ಮೊಬೈಲೇ ಹಾಳಾಗಬಹುದು. ಏನೂ ಆಗದೆಯೂ ಹೋಗಬಹುದು. ಹಾಗೆ ಏನೂ ಆಗದೆ ಹೋದವನೊಬ್ಬನ ಕಥೆಯನ್ನು ಇವತ್ತು ಹೇಳುತ್ತೇನೆ, ಕೇಳಿ.

ನಮ್ಮ ಸೀಮೆಯ ಒಂದು ತಾಲ್ಲೂಕು ಊರು. ಅಲ್ಲಿ ಗುರುಶಾಂತ ಎಂಬ ಒಬ್ಬ ಟೇಲರ್. ಹೆಣ್ಣುಮಕ್ಕಳ ಜಂಪರ್, ಅಂದರೆ ರವಿಕೆ, ಹೊಲಿಯುವುದರಲ್ಲಿ ಅವನ ಕೈ ಚಂದ ಎಂದು ಹತ್ತು ಹಳ್ಳಿಯಿಂದ ಬರುತ್ತಿದ್ದರು. ಇಪ್ಪತ್ತೆಂಟರ ಪ್ರಾಯ, ಹೆಂಡತಿ ಶೈಲಾ, ಒಂದು ಕೂಸು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಹುಚ್ಚು ಒಂದೇ, ಮೊಬೈಲಿನಲ್ಲಿ ಗೇಮ್ ಆಡುವುದು. ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆದು ಉಂಡಮೇಲೆ ಒಂದು ತಾಸು ಆಡುತ್ತಿದ್ದ.

ಹುಬ್ಬಳ್ಳಿಯ ಕಡೆ ಮೂವರು ಸೇರಿ ಒಂದು ಗೇಮ್ ಕಟ್ಟುತ್ತಿದ್ದರು. ದಾರಿ ತಪ್ಪಿದ ಒಬ್ಬ ಪಯಣಿಗ ಮನೆಯಿಂದ ಮನೆಗೆ ಹೋಗುತ್ತಾನೆ, ಪ್ರತಿ ಮನೆಯಲ್ಲೂ ದೀಪ ಹಚ್ಚುತ್ತಾನೆ. ದೀಪ ಹಚ್ಚಿದ ಕೂಡಲೇ ಆ ಮನೆಯ ಅಜ್ಜಿ ಒಂದು ಹಾಡು ಹೇಳುತ್ತಾಳೆ. ಬೀಸುವ ಹಾಡು, ಕುಟ್ಟುವ ಹಾಡು. ಹಾಡು ಮುಗಿದರೆ ಮುಂದಿನ ದಾರಿ ತೆರೆಯುತ್ತದೆ. ಅದರ ತುಣುಕು ನೋಡಿದಾಗಲೇ ಗುರುಶಾಂತ ಮರುಳಾಗಿದ್ದ. ಯಾಕೆ ಗೊತ್ತೇ? ಅಲ್ಲಿಯತನಕ ಅವನು ಆಡಿದ ಎಲ್ಲ ಆಟಗಳಲ್ಲೂ ಮಂದಿ ಇಂಗ್ಲಿಷ್ ಮಾತಾಡುತ್ತಿದ್ದರು. ಇಲ್ಲಿ ಅಜ್ಜಿ ಬಾಗಿಲು ತೆಗೆದು "ಯಾಕ ಬಂದೀಯೋ ತಮ್ಮಾ, ಒಳಗ ಬಾ" ಅನ್ನುತ್ತಿದ್ದಳು. ಅವನ ಅಡುಗೆಮನೆಯ ಮಾತು!

ಎರಡು ವರ್ಷ ಕಾದ. ಬಿಡುಗಡೆಗೆ ಮೊದಲು ಐವತ್ತು ಮಂದಿಗೆ ಪರೀಕ್ಷೆಗೆಂದು ಬೀಟಾ ಕೊಡುತ್ತಾರೆ ಎಂದು ತಿಳಿದು ಅರ್ಜಿ ಹಾಕಿದ. ಬೀಟಾ ಅಂದರೆ ಇನ್ನೂ ಪೂರ್ತಿಯಾಗದ ಪ್ರತಿ. ಐವತ್ತರಲ್ಲಿ ಅವನ ಹೆಸರಿರಲಿಲ್ಲ. ಮನಸ್ಸಿಗೆ ಪಿಚ್ಚೆನಿಸಿತು. ಅದಾಗಿ ವಾರಕ್ಕೆ ಒಂದು ಗುಂಪಿನಲ್ಲಿ ಲಿಂಕ್ ಬಂತು. ಐವತ್ತರಲ್ಲಿ ಯಾರೋ ಒಬ್ಬರು ಪ್ರತಿಯನ್ನು ಹೊರಗೆ ಬಿಟ್ಟಿದ್ದರು. ಬಿಟ್ಟದ್ದಷ್ಟೇ ಅಲ್ಲ, ಇನ್ನೂ ತಯಾರಾಗಿಲ್ಲವೆಂದು ಆಟದೊಳಗೆ ಮುಚ್ಚಿಟ್ಟಿದ್ದ ಮನೆಗಳ ಬೀಗವನ್ನೂ ಒಡೆದಿದ್ದರು.

ಗುರುಶಾಂತ ಲಿಂಕಿನ ಮುಂದೆ ಕೂತು ಒಂದೇ ಒಂದು ಪ್ರಶ್ನೆ ಕೇಳಿಕೊಂಡ. ಸಿಕ್ಕಿಬೀಳುತ್ತೇನೆಯೇ? ಸಾವಿರಾರು ಮಂದಿ ಇಳಿಸಿಕೊಂಡಿದ್ದಾರೆ, ನನ್ನನ್ನು ಯಾರು ಹುಡುಕಿಕೊಂಡು ಬರುತ್ತಾರೆ? ಹೇಗೂ ಬಿಡುಗಡೆಯಾದ ದಿನ ಕೊಂಡುಕೊಳ್ಳುತ್ತೇನೆ, ಯಾರಿಗೆ ಏನು ನಷ್ಟ? ಒತ್ತಿದ. ಇಳಿಯಿತು. ನಾವೂ ಹೀಗೇ ಅಲ್ಲವೇ, ಲೆಕ್ಕ ಸರಿಹೋಯಿತು ಅನಿಸಿದ ಕೂಡಲೇ ಒತ್ತಿಬಿಡುವುದು?

ನಾಲ್ಕನೆಯ ಮನೆಯಲ್ಲಿ ಒಂದು ತೊಟ್ಟಿಲು ಇತ್ತು. ದೀಪ ಹಚ್ಚಿದ. ಅಜ್ಜಿ ಜೋಗುಳ ಎತ್ತಿದಳು. ಎರಡು ನುಡಿ ಆಯಿತು. ಮೂರನೆಯ ನುಡಿಗೆ ದನಿ ನಡುಗಿತು, ನಿಂತಿತು. ಆಮೇಲೆ ಹಾಡಿರಲಿಲ್ಲ, ಅಳು ಇತ್ತು. ಅಳುವಿನ ನಡುವೆ, ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಿದ್ದವರಿಗೆ ಆಡಿದ ಮಾತು. "ಇಲ್ಲಿಗೆ ಬಂದ ಕೂಡಲೆ ಗಂಟಲ ಕಟ್ಟತೈತಿ ತಂಗಿ. ಇದನ್ನ ಹಾಡಿಕೋಂತ ಕುಂತಾಗನ ನನ್ನ ಕೂಸು ತಣ್ಣಗಾತು. ನಿಲ್ಲಸ್ರಿ. ಇದನ್ನ ಇಟ್ಕೋಬ್ಯಾಡ್ರಿ, ತಗದು ಹಾಕ್ರಿ."

ಗುರುಶಾಂತನ ಕಣ್ಣು ತುಂಬಿತು. ಅವನೇನು ಕಲ್ಲಲ್ಲ. ಆದರೆ ಏನು ಮಾಡಿದ ನೋಡಿ. ತುಂಬಿದ ಕಣ್ಣಿನಲ್ಲೇ ಅಷ್ಟನ್ನು ರೆಕಾರ್ಡ್ ಮಾಡಿ, ಹಳೆಯ ಗೆಳೆಯರ ಹನ್ನೊಂದು ಮಂದಿಯ ಗುಂಪಿಗೆ ಕಳಿಸಿದ. 'ಕೇಳ್ರೋ, ಕರುಳು ಹಿಂಡತೈತಿ' ಎಂದು ಬರೆದ. ಇದನ್ನ ಇಟ್ಕೋಬ್ಯಾಡ್ರಿ ಎಂದು ಆ ತಾಯಿ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಬಿದ್ದಿತ್ತು, ಆದರೂ ಕಳಿಸಿದ.

ನಾಲ್ಕು ದಿನ ಕಳೆಯಿತು. ಜಂಪರ್ ಒಯ್ಯಲು ಬಂದ ಒಬ್ಬ ಹುಡುಗಿ ಬೆಂಚಿನ ಮೇಲೆ ಕೂತು ಮೊಬೈಲ್ ನೋಡಿ ನಗುತ್ತಿದ್ದಳು. "ಅಣ್ಣಾ, ಇದನ್ನ ನೋಡಿರೇನು?" ಎಂದು ತಿರುಗಿಸಿದಳು. ಅದೇ ಅಜ್ಜಿ, ಅದೇ ಅಳು, ಅವನೇ ರೆಕಾರ್ಡ್ ಮಾಡಿದ ತುಣುಕು. ಯಾರೋ ಅಳುವನ್ನು ತುಂಡು ತುಂಡು ಮಾಡಿ ತಾಳಕ್ಕೆ ಕೂಡಿಸಿ ಹಲಗೆಯ ಬಡಿತ ಹಾಕಿದ್ದರು. ಕುಣಿಯುವ ಹಾಡಾಗಿತ್ತು. ಗುರುಶಾಂತನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆ ನಿಂತುಬಿಟ್ಟಿತು.

ಆಗ ಅವನಿಗೆ ಏನನಿಸಿತು? ಅಯ್ಯೋ ಆ ತಾಯಿ ಅನಿಸಿತೇ? ಇಲ್ಲ. ಮೊದಲು ಕಳಿಸಿದವನು ನಾನೇ ಎಂದು ಗೊತ್ತಾದರೆ ಅನಿಸಿತು. ಗೇಮ್ ಅಳಿಸಿದ, ರೆಕಾರ್ಡ್ ಅಳಿಸಿದ. ಅಂಗಡಿಯ ಮುಂದೆ ಪೊಲೀಸ್ ಗಾಡಿ ಹಾದುಹೋದರೆ ಅರ್ಧ ಬಾಗಿಲು ಎಳೆಯುತ್ತಿದ್ದ. ಹೊಸ ನಂಬರಿನಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ.

ಹೀಗೆ ಹತ್ತು ದಿನ ಕಳೆದ ಮೇಲೆ ಗೇಮಿನವರ ಪುಟದಲ್ಲಿ ಒಂದು ಪ್ರಕಟಣೆ ಬಂತು. ಬರೆದವಳು ಮಂದಾಕಿನಿ ಎಂಬ ಹೆಣ್ಣುಮಗಳು, ಆ ಮೂವರಲ್ಲಿ ಒಬ್ಬಳು, ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡವಳು. ಹೀಗಿತ್ತು: 'ಹಂಚಿದವರ ಮೇಲೆ ದೂರು ಕೊಡಲು ಹೊರಟಿದ್ದೆವು. ಹಾಡಿದ ಫಕೀರವ್ವನವರು ಬೇಡ ಎಂದರು, ಆದ್ದರಿಂದ ಕೊಡುವುದಿಲ್ಲ. ಅವರು ಇನ್ನು ಮುಂದೆ ಹಾಡುವುದಿಲ್ಲ ಎಂದಿದ್ದಾರೆ. ಆಟದ ಬಿಡುಗಡೆ ಮುಂದಕ್ಕೆ ಹೋಗಿದೆ.'

ದೂರು ಕೊಡುವುದಿಲ್ಲ! ಗುರುಶಾಂತ ಉಸಿರು ಬಿಟ್ಟ. ಬದುಕಿದೆ ಅಂದುಕೊಂಡ. ಕೇಳಿದಿರಾ? ಶಿಕ್ಷೆ ಆಗಲಿಲ್ಲ. ಏನೂ ಆಗಲಿಲ್ಲ.

ಆದರೆ ಮಷೀನಿನ ಮೇಲೆ ಕಾಲಿಟ್ಟರೆ ಹೊಲಿಗೆ ಓಡಲಿಲ್ಲ. ಒಂದೇ ತೋಳನ್ನು ಎರಡು ಸಲ ತಪ್ಪಾಗಿ ಕೂಡಿಸಿದ. 'ಇನ್ನು ಮುಂದೆ ಹಾಡುವುದಿಲ್ಲ' ಎಂಬ ಸಾಲು ಹೋಗಲೇ ಇಲ್ಲ. ಊಟಕ್ಕೆ ಕೂತಾಗ ಶೈಲಾ ಕೇಳಿದಳು. "ಏನಾಗೇತ್ರಿ ನಿಮಗ? ನಾಕ್ ದಿನಾ ಆತು, ಕೂಸಿನ ಮಾರಿ ಸೈತ ನೋಡವಲ್ರಿ."

ಎಲ್ಲ ಹೇಳಿದ. ಕೊನೆಗೆ ತನ್ನ ಸಮಾಧಾನಕ್ಕೆ ಸೇರಿಸಿದ. "ನಾ ಏನ್ ಕದ್ದಿಲ್ಲ ಶೈಲಾ. ಬಂದಿದ್ದ ನೋಡಿದೆ, ಅಷ್ಟ."

ಶೈಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಕಚ್ಚಾ ಹೊಲಿಗಿ ಹಾಕಿಟ್ಟ ಜಂಪರನ್ನ ಯಾರರ ನಿಮ್ಮ ಅಂಗಡ್ಯಾಗಿಂದ ಒಯ್ದು, ಊರ ತುಂಬ ತೋರಿಸಿ ನಕ್ರ ಸುಮ್ಕ ಇರ್ತೀರೇನು? ಇದು ಜಂಪರ್ ಅಲ್ರಿ. ಒಬ್ಬಾಕಿ ತಾಯಿ ಅಳು." ಅವನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು.

ಮರುದಿನ ಪ್ರಕಟಣೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಮಂದಾಕಿನಿ ಎತ್ತಿದಳು. ತಡವರಿಸುತ್ತ ಎಲ್ಲ ಹೇಳಿದ. ಆಮೇಲೆ ಆಕೆ ಅಂದಳು. "ತಗದು ಹಾಕ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೆ. ಆ ಮನಿ ಮುಚ್ಚೇತಲ್ಲ, ಕಡೀಕ ತಗದ್ರಾತು ಅಂತ ಬಿಟ್ಟೆ. ನನ್ನ ತಪ್ಪೂ ಐತ್ರಿ. ಆದ್ರ ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ಅವರ ಮುಂದ ಹೇಳ್ರಿ. ಬರಬಹುದೇನು ಅಂತ ಕೇಳಿ ತಿಳಸ್ತೀನಿ."

ಫಕೀರವ್ವ ಬರಲಿ ಅಂದಳು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದ. ಎರಡು ತಾಸಿನ ದಾರಿ. ಮನೆಯ ಮುಂದಿನ ಕಟ್ಟೆಯ ಮೇಲೆ ಎಪ್ಪತ್ತು ದಾಟಿದ ಮುದುಕಿ ಮೊರದಲ್ಲಿ ಅಲಸಂದಿ ಹಸನು ಮಾಡುತ್ತಿದ್ದಳು.

"ಯಾರಪಾ ನೀ?"

"ಗುರುಶಾಂತ ಅಂತ್ರಿ ಅವ್ವಾರ. ಜಂಪರ್ ಹೊಲಿತೀನ್ರಿ."

"ನಾ ಯಾವ ಜಂಪರೂ ಹೊಲ್ಯಾಕ ಕೊಟ್ಟಿಲ್ಲಲ್ಲೋ ತಮ್ಮಾ."

"ನಿಮ್ಮ ಹಾಡು... ಮೊದಲ ಕಳಿಸಿದಾಂವ ನಾನರೀ."

ಮೊರದ ಮೇಲಿನ ಕೈ ನಿಂತಿತು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಬೈದರೆ ಹಗುರಾಗುತ್ತೇನೆ ಎಂದೂ ಅವನ ಮನಸ್ಸಿನಲ್ಲಿತ್ತು. ಆಕೆ ಬೈಯಲಿಲ್ಲ. "ಕುಂದ್ರು" ಅಂದಳು. ಕೂತ.

"ಎಷ್ಟ್ ಮಂದಿಗೆ ಕಳಿಸಿದಿ?"

"ಹನ್ನೊಂದ್ ಮಂದಿಗ್ರಿ."

"ಈಗ ಎಷ್ಟ್ ಮಂದಿ ಹತ್ರ ಐತಿ?"

"ಗೊತ್ತಿಲ್ರಿ."

"ತಿರುಗಿ ತರಾಕ ಬರತೈತೇನು?"

"ಬರಂಗಿಲ್ರಿ ಅವ್ವಾರ." ಹತ್ತು ದಿನ ಪೊಲೀಸರಿಗೆ ಹೆದರಿದ್ದನಲ್ಲ, ಹೆದರಬೇಕಾದದ್ದು ಈ ಒಂದು ಪ್ರಶ್ನೆಗೆ ಎಂದು ಅವನಿಗೆ ಆಗ ತಿಳಿಯಿತು.

ಫಕೀರವ್ವ ಕಾಳು ಆರಿಸುತ್ತಲೇ ಹೇಳಿದಳು. "ಹಿಟ್ಟಿನ ಗಿರಣ್ಯಾಗ ನಿಂತಿದ್ದೆ. ಯಾರದೋ ಮೊಬೈಲ್‌ನ್ಯಾಗ ನಾ ಅಳಾಕತ್ತಿದ್ದೆ. ಅದಕ್ಕ ಹಲಗಿ ಬಡಿತಿದ್ರು, ಮಂದಿ ನಗಾಕತ್ತಿದ್ರು. ನಾನೂ ನಕ್ಕೆ ತಮ್ಮಾ. ಅಳಾಕಿ ನಾನು ಅಂತ ಯಾರಿಗೂ ಗೊತ್ತಾಗಬಾರ್ದು ಅಂತ ನಕ್ಕೆ."

ಗುರುಶಾಂತ ಆಕೆಯ ಕಾಲು ಹಿಡಿದ. "ಏನರ ಶಿಕ್ಷಾ ಕೊಡ್ರಿ ಅವ್ವಾರ. ಏನ್ ಹೇಳಿದ್ರೂ ಮಾಡ್ತೀನಿ."

"ಶಿಕ್ಷಾ ಕೊಟ್ಟು ನಾ ಏನ್ ಮಾಡ್ಲೋ? ಏಳು. ನನ್ನ ಅಳು ಕೇಳಿದಿ. ಯಾರ ಸಲುವಾಗಿ ಅತ್ತೆ ಅಂತ ಗೊತ್ತೈತೇನು?"

"ಇಲ್ರಿ."

"ಹಂಗಾರ ಕೇಳು."

ಆಮೇಲೆ ಆ ತಾಯಿ ತನ್ನ ಮಗಳ ಸುದ್ದಿ ಹೇಳಿದಳು. ಮೂರು ವರ್ಷ ಇದ್ದ ಮಗಳು. ನಲವತ್ತೆಂಟು ವರ್ಷದ ಕೆಳಗೆ ಜ್ವರದಲ್ಲಿ ಹೋದಳು. ಅವ್ವನ ಸೀರೆಯ ಸೆರಗು ಮುಷ್ಟಿಯಲ್ಲಿ ಹಿಡಿಯದೆ ಮಲಗುತ್ತಿರಲಿಲ್ಲ. ಹುಳಿ ಅಂದರೆ ಪ್ರಾಣ, ಹುಣಸೆಹಣ್ಣು ಚೀಪಿ ಕಣ್ಣು ಮುಚ್ಚುತ್ತಿದ್ದಳು. ಕೊನೆಗೆ ಹೆಸರು ಹೇಳಿದಳು. "ಈ ಹೆಸರು ಅವರಪ್ಪಗ ಗೊತ್ತಿತ್ತು, ಅಂವ ಹೋದ. ಆಮ್ಯಾಲ ಹುಟ್ಟಿದ ಮಕ್ಕಳ ಮುಂದ ಸೈತ ನಾ ಈ ಹೆಸರು ಎತ್ತಿಲ್ಲ. ಈಗ ನಿನ್ನ ಮುಂದ ಹೇಳೀನಿ. ಹೊತ್ಕೋ. ಯಾರಿಗೂ ಕಳಸಬ್ಯಾಡ."

ನೋಡಿ, ತನ್ನ ನಂಬಿಕೆ ಮುರಿದವನ ಕೈಗೇ ತನ್ನ ಹತ್ತಿರ ಉಳಿದಿದ್ದ ಕಟ್ಟಕಡೆಯದನ್ನು ಇಟ್ಟಳು. ಅವನು ಕದ್ದು ತಂದದ್ದಲ್ಲ ಇದು. ಆಕೆಯೇ ಕರೆದು ಕೊಟ್ಟದ್ದು. ಕೊಟ್ಟು, "ಅಲಸಂದಿ ಪಲ್ಯ ಮಾಡಸ್ತೀನಿ, ಉಂಡು ಹೋಗು" ಅಂದಳು. ಉಂಡು ಬಂದ.

ಊರಿಗೆ ಬಂದು ಹನ್ನೊಂದು ಮಂದಿಯ ಹತ್ತಿರವೂ ಹೋದ. ಮೆಸೇಜ್ ಕಳಿಸಲಿಲ್ಲ, ಹುಬ್ಬಳ್ಳಿ, ಇಳಕಲ್ಲು ಎಂದು ಅವರಿದ್ದಲ್ಲಿಗೇ ಹೋಗಿ ಎದುರು ನಿಂತು ಅಳಿಸಿರಿ ಎಂದು ಕೇಳಿದ. ಒಂಬತ್ತು ಮಂದಿ ಅವನ ಮುಂದೆಯೇ ಅಳಿಸಿದರು. ಒಬ್ಬ ನಕ್ಕು ಅವನನ್ನೇ ಬಾಗಿಲಿನಿಂದ ಹೊರಗೆ ಕಳಿಸಿದ. ಇನ್ನೊಬ್ಬ ಊರು ಬಿಟ್ಟಿದ್ದ, ಸಿಗಲಿಲ್ಲ. ಆ ಕುಣಿಯುವ ತುಣುಕು ಇವತ್ತಿಗೂ ಎಲ್ಲೋ ಓಡಾಡುತ್ತಿದೆ. ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಎಲ್ಲವೂ ಸರಿಹೋಗಲಿಲ್ಲ.

ಆರು ತಿಂಗಳ ಮೇಲೆ ಫಕೀರವ್ವ ತಾನೇ ಮಂದಾಕಿನಿಗೆ ಫೋನ್ ಮಾಡಿಸಿದಳು. ಬೀಸುವ ಹಾಡು ಹಾಡಿದಳು, ಕುಟ್ಟುವ ಹಾಡು ಹಾಡಿದಳು. ಜೋಗುಳ ಮಾತ್ರ ಹಾಡಲಿಲ್ಲ. ಮಂದಾಕಿನಿಯೂ ಕೇಳಲಿಲ್ಲ. ಆಟ ಬಿಡುಗಡೆಯಾದ ದಿನ ಗುರುಶಾಂತ ಕೊಂಡು ಆಡಿದ. ನಾಲ್ಕನೆಯ ಮನೆಗೆ ಬಂದ. ದೀಪ ಹಚ್ಚಿದ. ಹಾಡಿಲ್ಲ. ತೊಟ್ಟಿಲು ಒಂದು ಸಲ ತೂಗಿತು, ದಾರಿ ತೆರೆಯಿತು. ಆ ಮನೆಯಲ್ಲಿ ಹಾಡು ಯಾಕಿಲ್ಲ ಎಂದು ಆಡುವವರೆಲ್ಲ ಕೇಳುತ್ತಾರಂತೆ. ಅವನು ಸುಮ್ಮನಿರುತ್ತಾನೆ.

ಈ ಕಥೆಯನ್ನು ಅವನೇ ನನ್ನ ಮುಂದೆ ಕೂತು ಹೇಳಿದ. ನಿಮ್ಮ ಮುಂದೆ ಹೇಳಲು ಫಕೀರವ್ವನೂ ಒಪ್ಪಿದ್ದಾಳೆ. ನಾನೂ ಮನುಷ್ಯ, ಕುತೂಹಲ ತಡೆಯಲಾಗಲಿಲ್ಲ. ಆ ಕೂಸಿನ ಹೆಸರೇನಪ್ಪಾ ಅಂದೆ. ನೆಲ ನೋಡುತ್ತ ಅಂದ, "ಅದೊಂದು ಕೇಳಬ್ಯಾಡ್ರಿ ಅಪ್ಪಾರ." ಅವತ್ತು ಆ ಟೇಲರ್ ನನಗೆ ಪ್ರವಚನ ಹೇಳಿದ.

ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮಲ್ಲಿ ಗೇಮ್ ಆಡುವವರು ನಾಲ್ಕು ಮಂದಿ ಇರಬಹುದು. ಆದರೆ ಸೊಸೆಯ ಆಸ್ಪತ್ರೆಯ ರಿಪೋರ್ಟನ್ನು ಅವಳಿಗಿಂತ ಮೊದಲು ಓದಿದವರು ಎಷ್ಟು ಮಂದಿ? ಪಕ್ಕದ ಮನೆಯ ಜಗಳವನ್ನು ರೆಕಾರ್ಡ್ ಮಾಡಿ ಕಳಿಸಿದವರು? ಪರೀಕ್ಷೆಯ ಹಿಂದಿನ ದಿನ ಬಂದ ಪ್ರಶ್ನೆಪತ್ರಿಕೆಯನ್ನು ಮಗನಿಗೆ ತೋರಿಸಿದವರು? ಯಾರೋ ಅತ್ತದ್ದನ್ನು 'ಪಾಪ' ಎಂದು ಬರೆದು ಮುಂದಕ್ಕೆ ದಾಟಿಸಿದವರು? ಪಾಪ ಅಂದುಬಿಟ್ಟರೆ ಕಳಿಸಬಹುದೇ?

ಇಷ್ಟು ಮಾಡಿ ತಾಯಂದಿರೇ, ಅಣ್ಣಂದಿರೇ. ಏನಾದರೂ ಕೈಗೆ ಬಂದಾಗ, ಸಿಕ್ಕಿಬೀಳುತ್ತೇನೆಯೇ ಎಂದು ಕೇಳಿಕೊಳ್ಳುವ ಬದಲು ಇದನ್ನು ನನಗೆ ಕೊಟ್ಟವರು ಯಾರು ಎಂದು ಕೇಳಿಕೊಳ್ಳಿ. ಮಾಡಿದವರೇ ಕೊಟ್ಟರೇ? ಅವರು ಕೊಟ್ಟಿಲ್ಲವೆಂದರೆ ತೆರೆಯಬೇಡಿ. ತೆರೆದುಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ, ದಾಟಿಸಬೇಡಿ. ದಾಟಿಸಿಬಿಟ್ಟಿದ್ದರೆ ಹೋಗಿ, ಆ ಮನುಷ್ಯರ ಎದುರಿಗೆ ಹೋಗಿ ನಿಲ್ಲಿ. ಬೈಸಿಕೊಳ್ಳಿ. ಅವರು ಉಣ್ಣು ಅಂದರೆ ಉಂಡು ಬನ್ನಿ.

ನಾಳೆ ಮಾಡುತ್ತೇನೆ ಅಂದರೆ ಆಗುವುದಿಲ್ಲ, ನನಗೆ ಗೊತ್ತು, ನಾನೂ ನಿಮ್ಮ ಹಾಗೆಯೇ. ಆದ್ದರಿಂದ ಮಂಗಳಾರತಿಗೆ ಏಳುವ ಮೊದಲು ಎಲ್ಲರೂ ಮೊಬೈಲ್ ಹೊರಗೆ ತೆಗೆಯಿರಿ. ಹೌದು, ಮಠದಲ್ಲೇ, ಈಗಲೇ. ಯಾರೂ ನಿಮಗೆಂದು ಕೊಡದೆ ಇದ್ದದ್ದು ಒಂದಾದರೂ ಅದರಲ್ಲಿ ಇರುತ್ತದೆ. ಯಾವುದು ಅಂತ ನಿಮಗೇ ಗೊತ್ತು, ನನಗೆ ತೋರಿಸಬೇಡಿ. ಅಳಿಸಿ. ಅವಸರವಿಲ್ಲ, ನಾನು ಕಾಯುತ್ತೇನೆ.